ಶಾಂತಕುಮಾರಿ ಎಣಿಸಿದ ಹಿಂಡು

ಆಂಧ್ರ ಗಡಿಯ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ದಾರ, ಜಿಪ್ಪು, ಗುಂಡಿ ಮಾರುವುದು ನನ್ನ ಕಸುಬು. ದಿನಕ್ಕೆ ಹತ್ತು ಯೂನಿಟ್ಟು ಸುತ್ತುತ್ತೇನೆ, ಹತ್ತು ಕಡೆ ಚಹಾ ಕುಡಿಯುತ್ತೇನೆ. ಯಾವ ಯೂನಿಟ್ಟಿನ ಚಹಾ ಗಟ್ಟಿ, ಯಾವ ಓನರಿನ ಮಾತು ನೀರು ಎಂಬುದು ನನಗೆ ಬಾಯಿಪಾಠ. ಹಾಗೆ ಸುತ್ತುವಾಗ ಕಂಡ ನೂರಾರು ಜನರಲ್ಲಿ ಒಬ್ಬಳ ಬಗ್ಗೆ ಬರೆದಿಡಬೇಕು ಅನ್ನಿಸಿದೆ. ಗುಮ್ಮಘಟ್ಟದ ಕಡೆಯ ಕುರಿ ಸಾಕುವ ಓಬಯ್ಯನ ಮಗಳು ಶಾಂತಕುಮಾರಿ. ಆ ಹೆಸರನ್ನು ಆಕೆ ಮಾತು ಕಲಿಯುವ ಮೊದಲೇ ಇಟ್ಟುಬಿಟ್ಟಿದ್ದರು, ಇಟ್ಟವರ ತಪ್ಪಲ್ಲ.

ಹದಿನೇಳನೆಯ ವಯಸ್ಸಿಗೆ ಆಕೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ಆಗ ನಮ್ಮ ಕಡೆಯಿಂದ ಹೊರಡುವ ಬೆಂಗಳೂರು ಬಸ್ಸಿನಲ್ಲಿ ಅರ್ಧ ಸೀಟು ಇಂಥ ಹೆಣ್ಣುಮಕ್ಕಳದೇ. ಆರು ಜನಕ್ಕೆ ಒಂದು ಕೋಣೆ, ಆರು ಜನಕ್ಕೂ ಒಂದೇ ಕನ್ನಡಿ. ಎರಡು ವರ್ಷ ಬೆಳಗಿಂದ ಸಂಜೆವರೆಗೆ ನಿಂತು, ಹೊಲಿದ ಪ್ಯಾಂಟಿನಿಂದ ಜೋತಾಡುವ ನೂಲು ಕತ್ತರಿಸಿದಳು. ಅಲ್ಲೊಂದು ಗಾಜಿನ ಕೋಣೆ ಇತ್ತಂತೆ. ಅದರೊಳಗೆ ನಾಲ್ಕು ಜನ ಕಂಪ್ಯೂಟರಿನ ಮುಂದೆ ಕೂತು ಪ್ಯಾಂಟಿನ ತುಂಡುಗಳನ್ನು ಜೋಡಿಸುತ್ತಿದ್ದರಂತೆ.

"ಅವರ ಕುರ್ಚಿಗೆ ಗಾಲಿ ಇದ್ವು ಗಂಗಾಧರಪ್ಪಾರ," ಎಂದು ಒಮ್ಮೆ ಹೇಳಿದ್ದಳು. "ನಾವು ನಿಂತಲ್ಲೇ ನಿಂತಿದ್ವಿ, ಅವರು ಕುಂತಲ್ಲೇ ತಿರುಗಾಡ್ತಿದ್ರು."

ರಾಯದುರ್ಗದಲ್ಲಿ ಯೂನಿಟ್ಟುಗಳು ಬೀದಿಗೆರಡು ಎದ್ದಾಗ ವಾಪಸು ಬಂದಳು. ಸಿದ್ದರಾಮೇಶನ ಯೂನಿಟ್ಟಿನಲ್ಲಿ ಮತ್ತೆ ಅದೇ ನೂಲು ಕತ್ತರಿಸುವ ಕೆಲಸ. ಆದರೆ ಸಂಜೆ ಮನೆಗೆ ಹೋಗದೆ ಲಕ್ಷ್ಮೀನರಸಪ್ಪನ ಕಂಪ್ಯೂಟರ್ ಸೆಂಟರಿಗೆ ಹೋಗುತ್ತಿದ್ದಳು. ಸಿದ್ದರಾಮೇಶ ಪಕ್ಕದ ಯೂನಿಟ್ಟಿನವನ ಮೇಲಿನ ಹೊಟ್ಟೆಕಿಚ್ಚಿಗೆ ಒಂದು ಕಂಪ್ಯೂಟರನ್ನೂ, ಮಂಚದಷ್ಟು ಅಗಲದ ಕಾಗದದ ಮೇಲೆ ಗೆರೆ ಎಳೆಯುವ ಪ್ಲಾಟರನ್ನೂ ತಂದಿದ್ದ. ಜೊತೆಗೆ ಬಂದ ಆಪರೇಟರು ಒಂದು ತಿಂಗಳಿಗೆ ರಾಯದುರ್ಗದ ಬಿಸಿಲು ನೋಡಿ ಓಡಿದ. ಯಂತ್ರದ ಮೇಲೆ ಬಟ್ಟೆ ಬಿತ್ತು. ಆ ಬಟ್ಟೆ ಸರಿಸಿದವಳು ಶಾಂತಕುಮಾರಿ.

ಕೆಲಸ ಇಷ್ಟು: ಪ್ಯಾಂಟಿನ ಮುಂಭಾಗ, ಹಿಂಭಾಗ, ಜೇಬು, ಸೊಂಟಪಟ್ಟಿ, ಎಲ್ಲ ತುಂಡುಗಳನ್ನೂ ತೆರೆಯ ಮೇಲೆ ಬಟ್ಟೆಯ ಅಗಲಕ್ಕೆ ಒತ್ತೊತ್ತಾಗಿ ಕೂಡಿಸಬೇಕು. ಬೆರಳು ತೂರುವಷ್ಟೂ ಜಾಗ ಉಳಿಯಬಾರದು. ಈ ನಕ್ಷೆಗೆ ಮಾರ್ಕರ್ ಅನ್ನುತ್ತಾರೆ. ಅದು ಕಾಗದದ ಮೇಲೆ ಬಂದರೆ ಕಟಿಂಗ್ ಮೇಜಿನವರು ಬಟ್ಟೆಯ ಥಾನಿನ ಮೇಲೆ ಹಾಸಿ ಕತ್ತರಿಸುತ್ತಾರೆ. ಶಾಂತಕುಮಾರಿ ಕೂಡಿಸಿದ ಮಾರ್ಕರಿನಲ್ಲಿ ಉಳಿಯುತ್ತಿದ್ದ ಚಿಂದಿಯಿಂದ ಒಂದು ಕರವಸ್ತ್ರವೂ ಆಗುತ್ತಿರಲಿಲ್ಲ. ಸಿದ್ದರಾಮೇಶ ಖುಷಿಯಾಗಿ ಗಾಲಿ ಇರುವ ಕುರ್ಚಿ ತರಿಸಿಕೊಟ್ಟ. ಅವತ್ತು ಆಕೆ ಕೂತು ಒಂದು ಸುತ್ತು ತಿರುಗಿದ್ದನ್ನು ನಾನು ಕಂಡೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದಳು.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಆ ಕುರ್ಚಿಗೆ ಕುತ್ತು ಬಂತು.

ಬೆಳಗ್ಗೆ ಚಿಗರೆಯಂತೆ ಓಡುವ ಕಂಪ್ಯೂಟರು ಹನ್ನೊಂದು ದಾಟಿದರೆ ತೆವಳತೊಡಗುತ್ತಿತ್ತು. ಹನ್ನೊಂದಕ್ಕೆ ಚಹಾ. ನಾನೂ ಆ ಹೊತ್ತಿಗೇ ಅಲ್ಲಿರುತ್ತಿದ್ದೆ. ನನ್ನ ಅಂಗಡಿಯಲ್ಲಿ ಕಂಪ್ಯೂಟರ್ ಇತ್ತು, ಪ್ರಿಂಟರ್ ಇರಲಿಲ್ಲ. ಸಿದ್ದರಾಮೇಶನ ಬಳಿ ಇತ್ತು, ಕಾಗದವೂ ಅವನದೇ. ದಿನದ ಗುಂಡಿ-ಜಿಪ್ಪಿನ ಪಟ್ಟಿಯನ್ನು ಅಲ್ಲೇ ಪ್ರಿಂಟ್ ತೆಗೆದುಕೊಂಡು, ಚಹಾ ಕುಡಿದು, ಯಂತ್ರ ಯಾಕೆ ತೆವಳುತ್ತಿದೆ ಎಂಬುದಕ್ಕೆ ನನ್ನ ಸಲಹೆಯನ್ನೂ ಪುಕ್ಕಟೆ ಕೊಟ್ಟು ಬರುತ್ತಿದ್ದೆ. ಬಿಸಿಲಿಗೆ ಹಾಗಾಗುತ್ತದೆ ಎಂದೆ. ಟೇಬಲ್ ಫ್ಯಾನ್ ಇಡಿಸಿದರು. ಫ್ಯಾನಿನ ಗಾಳಿಗೆ ಕಾಗದಗಳು ಹಾರಿದವು, ಯಂತ್ರ ಹಾಗೇ ತೆವಳಿತು. ಬಳ್ಳಾರಿಯಿಂದ ಬಂದ ಮೆಕ್ಯಾನಿಕ್ಕು ಡಬ್ಬಿ ಬಿಚ್ಚಿ ಬ್ರಷ್ಷಿನಿಂದ ಧೂಳು ಹೊಡೆದು, "ಯಂತ್ರ ಸರಿ ಐತ್ರಿ. ಮುಂದ ಕುಂದ್ರೋರು ಸರಿ ಇರಬೇಕು," ಎಂದು ಹೇಳಿ ಹೋದ.

ಆ ಮಾತು ಸಿದ್ದರಾಮೇಶನ ತಲೆಯಲ್ಲಿ ಕೂತಿತು. ಗುರುವಾರ ನನ್ನೆದುರಿಗೇ ಹೇಳಿದ.

"ನೋಡವ್ವಾ ಶಾಂತಾ, ಬೆಂಗಳೂರಿಂದ ಒಬ್ಬ ಆಪರೇಟರ್ ಬರ್ತೀನಿ ಅಂದಾನ. ಸೋಮವಾರಕ್ಕ ಕರಸ್ತೀನಿ. ನೀ ಮದ್ಲಿನಂಗ ನೂಲು ಕತ್ತರಿಸು, ನಿನ್ನ ಕೆಲಸೇನು ಹೋಗಂಗಿಲ್ಲ."

"ಸೋಮವಾರದೊಳಗ ಇದು ಯಾಕ ತೆವಳ್ತೈತಿ ಅಂತ ತೋರಿಸಿದ್ರ?"

"ತೋರಿಸು. ಕುರ್ಚಿ ನಿಂದ."

"ತೋರಿಸಲಿಲ್ಲ ಅಂದ್ರ ನೂಲು ಕತ್ತರಿಸಾಕ ಇಲ್ಲಿ ಯಾಕಿರ್ಲಿ ಸಾರ್? ಬೆಂಗಳೂರಾಗ ಕತ್ತರಿಸ್ತೀನಿ. ಅಲ್ಲಿ ನಾನು ಕುರ್ಚ್ಯಾಗ ಕುಂತಿದ್ದು ಯಾರಿಗೂ ಗೊತ್ತಿಲ್ಲ."

ಮತ್ತೆ ಆರು ಜನರ ಕೋಣೆ, ಒಂದು ಕನ್ನಡಿ. ಸಿದ್ದರಾಮೇಶ ಚಹಾದ ಲೋಟದೊಳಗೆ ನೋಡಿದ.

ಒಳಗೆ ಯಾವ ಯಾವ ಪ್ರೋಗ್ರಾಮು ಓಡುತ್ತಿವೆ ಎಂದು ತೋರಿಸಲು ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ಇದೆ. ಆಕೆ ಮೂರು ಗುಂಡಿ ಒಟ್ಟಿಗೆ ಒತ್ತಿ ತೆರೆಯಹೋದಳು. ಕಿಟಕಿಯ ಬದಲು ಒಂದು ಸಾಲು ಬಂತು: ಇದನ್ನು ನಿಮ್ಮ ಅಡ್ಮಿನಿಸ್ಟ್ರೇಟರ್ ಮುಚ್ಚಿದ್ದಾರೆ.

"ಅಡ್ಮಿನಿಸ್ಟ್ರೇಟರ್ ಅಂದ್ರ ಯಾರು?" ಎಂದ ಸಿದ್ದರಾಮೇಶ.

"ನೀವಾ ಸಾರ್."

"ನಾ ಯಾವಾಗ ಮುಚ್ಚಿದ್ನವ್ವಾ? ನನಗ ಅದನ್ನ ತೆಗಿಯಾಕ ಬರಂಗಿಲ್ಲ!"

ಯಾರೋ ಒಳಗೆ ಸೇರಿಕೊಂಡು ಕಿಟಕಿಗೆ ಹಲಗೆ ಹೊಡೆದಿದ್ದಾರೆ ಎಂದು ಶಾಂತಕುಮಾರಿಗೆ ಅನುಮಾನ ಬಂದದ್ದು ಆಗಲೇ. ಸಂಜೆ ಲಕ್ಷ್ಮೀನರಸಪ್ಪನ ಸೆಂಟರಿಗೆ ಓಡಿದಳು. ಈತ ಶಿರಾ ಪಕ್ಕದ ಮಡಕಶಿರಾದವನು. ಇಲ್ಲಿಗೆ ಬಂದು ಹತ್ತು ವರ್ಷವಾದರೂ ಅವನ ಮಾತು ಇನ್ನೂ ಶಿರಾ ಬಸ್‌ಸ್ಟ್ಯಾಂಡಿನಲ್ಲೇ ನಿಂತಿದೆ.

"ಕಿಟಕಿ ಮುಚ್ಚೈತೆ ಅಷ್ಟೇ ಕಣಮ್ಮಿ," ಎಂದನಂತೆ. "ಒಳಗೆ ತಳವಾರ ಒಬ್ಬ ಅವ್ನೆ. ಊರಾಗೆ ಯಾರ್ ಬಂದ್ರು, ಯಾರ್ ಓದ್ರು, ಎಲ್ಲ ಅವ್ನ ತಾವ ಲೆಕ್ಕ. ಅವನ್ನ ಕೇಳಾಕೆ ಕಿಟಕಿ ಯಾಕೆ? ನೀನೇ ಒಂದು ಪ್ರೋಗ್ರಾಂ ಬರ್ದು, ಅದ್ರೊಳಗಿಂದ್ಲೇ ಕೇಳು."

ಹತ್ತು ಸಾಲು ಬರೆದುಕೊಟ್ಟ. ತಳವಾರನನ್ನು ಕರೆ, ಓಡುತ್ತಿರುವುದನ್ನೆಲ್ಲ ಒಂದೊಂದಾಗಿ ಮುಂದೆ ಬಿಡು, ಹೆಸರು ಬರೆ, ಪಕ್ಕಕ್ಕೆ ನಂಬರು ಬರೆ. ಕೊನೆಗೆ ಒಂದು ಖಾಲಿ ಚೌಕ; ಅದರಲ್ಲಿ ಯಾವ ನಂಬರು ಹಾಕುತ್ತೀಯೋ ಅದನ್ನು ಹೊರಗೆ ಓಡಿಸು.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೇ ಆಕೆ ಆ ಸಾಲುಗಳನ್ನು ನೋಟ್‌ಪ್ಯಾಡಿನಲ್ಲಿ ಬರೆದಳು. ಅದಕ್ಕೆ ರೊಪ್ಪ ಎಂದು ಹೆಸರಿಟ್ಟಳು. ಸಂಜೆ ಕುರಿ ಕೂಡುವ ಮುಳ್ಳುಬೇಲಿಯ ದೊಡ್ಡಿಗೆ ಅವರ ಕಡೆ ರೊಪ್ಪ ಅನ್ನುತ್ತಾರೆ. ಎರಡು ಸಲ ತಪ್ಪು ಅಂದಿತು. ಮೂರನೆಯ ಸಲ ತೆರೆಯ ಮೇಲೆ ಪಟ್ಟಿ ಸರಸರನೆ ಇಳಿದು ಬಂತು. ಮೂವತ್ತೆರಡು ಹೆಸರು!

"ಬಂದ್ವು! ಸಾರ್, ಎಲ್ಲಾ ಬಂದ್ವು!" ಎಂದು ಆಕೆ ಕೂಗಿದ್ದಕ್ಕೆ ಹೊಲಿಗೆಯವರು ಮಾಲು ಒಯ್ಯುವ ಲಾರಿ ಬಂತೆಂದು ಎದ್ದರಂತೆ. ನಾನು ಹನ್ನೊಂದಕ್ಕೆ ಹೋದಾಗಲೂ ಆ ಸಡಗರ ಇಳಿದಿರಲಿಲ್ಲ. ಪಟ್ಟಿಯನ್ನು ಕಾಗದಕ್ಕೆ ಇಳಿಸಿ ಒಂದೊಂದನ್ನೂ ಪರಿಚಯ ಮಾಡಿಸಿದಳು. ಇದು ಮಾರ್ಕರಿನ ಪ್ರೋಗ್ರಾಮು, ಇದು ಪ್ರಿಂಟರಿನದು, ಇದು ಗಡಿಯಾರದ ಪಕ್ಕದ್ದು. ಮೈದುನ ನಾದಿನಿಯರನ್ನು ತೋರಿಸುವ ಹೊಸ ಮದುಮಗಳ ಹಾಗೆ.

"ಬೆಳಗ್ಗೆ ಒಬ್ಬ ಕಳ್ಳನ್ನ ಹಿಡಿದೆ ಗಂಗಾಧರಪ್ಪಾರ. ಡಬ್ಲ್ಯೂಸ್ಕ್ರಿಪ್ಟ್ ಅಂತ ಹೆಸರು. ಪಟ್ಟಿ ತೆಗದಾಗೊಮ್ಮೆ ನಂಬರ್ ಬದಲಿಸ್ತಿತ್ತು! ಸಿಕ್ಕಿದ್ಯಾ ಮಗನ ಅಂತ ನಂಬರ್ ಹಾಕಿ ಓಡಿಸಿದೆ."

"ಓಡಿತಾ?"

"ಓಡ್ತು. ಅದರ ಜೊತಿ ನನ್ನ ಪಟ್ಟಿನೂ ಮಾಯ!" ನಗು ತಡೆಯಲಾಗದೆ ಮೇಜು ಹಿಡಿದುಕೊಂಡಳು. "ಅದು ನಾನಾ ರೀ! ಹಿಂಗ ಬರದ ಸಾಲೆಲ್ಲಾ ಓಡಿಸೋದು ಅದಾ, ನನ್ನ ರೊಪ್ಪನೂ. ಪಟ್ಟಿ ಬರಿಯೋದೂ ಓಡೋ ಕೆಲಸ ಅಲ್ಲೇನು, ತನ್ನ ಹೆಸರೂ ಬರದಿತ್ತು. ನನ್ನ ಕೊಳ್ಳಪಟ್ಟಿ ನಾನಾ ಹಿಡದು ಹೊರಗ ಹಾಕಿಕೊಂಡಿದ್ದೆ."

ಆಮೇಲೆ ಆಕೆ ಇನ್ನೊಂದು ಸಾಲು ಸೇರಿಸಿದಳು: ಡಬ್ಲ್ಯೂಸ್ಕ್ರಿಪ್ಟ್ ಎಂಬ ಹೆಸರು ಬಂದರೆ ಬಿಟ್ಟು ಮುಂದೆ ಹೋಗು. ಕುರಿ ಎಣಿಸುವವನು ತನ್ನನ್ನು ಎಣಿಸಿಕೊಳ್ಳುತ್ತಾನೆಯೇ? ನನಗೂ ಅದು ಸರಿ ಕಂಡಿತು. ಭೇಷ್ ಎಂದೆ. ನನ್ನ ಪಟ್ಟಿ ಪ್ರಿಂಟ್ ತೆಗೆದುಕೊಂಡು ಬಂದೆ.

ಮಧ್ಯಾಹ್ನ ಯಂತ್ರ ಮತ್ತೆ ತೆವಳಿತು. ಆಕೆ ರೊಪ್ಪ ಓಡಿಸಿದಳು. ಮೂವತ್ತೊಂದು ಹೆಸರು, ಎಲ್ಲವೂ ಪರಿಚಯದವು. ಹತ್ತು ಸಲ ಓಡಿಸಿದರೂ ಹೊಸ ಮುಖವಿಲ್ಲ. ಶುಕ್ರವಾರ ಹಾಗೆ ಮುಗಿಯಿತು.

ಶನಿವಾರ ಓಬಯ್ಯ ಬಂದ. ಪೇಟೆಗೆ ಬಂದಾಗಲೆಲ್ಲ ಹೆಂಡತಿ ತಿಪ್ಪಕ್ಕ ಕಟ್ಟಿಕೊಟ್ಟ ರೊಟ್ಟಿ ಬುತ್ತಿಯನ್ನು ಮಗಳಿಗೆ ತಲುಪಿಸಿ ಹೋಗುವುದು ಅವನ ಪದ್ಧತಿ. ಕೆರ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಶಾಂತಕುಮಾರಿ ಎದ್ದು ಹೋದಳು. ಬಳ್ಳಾರಿಗೆ ಹೋಗಬೇಕಾದ ಆರುನೂರು ಪ್ಯಾಂಟಿನ ಮಾರ್ಕರು ತೆರೆಯ ಮೇಲಿತ್ತು, ಏಳು ಸೈಜು ಒಂದೇ ನಕ್ಷೆಯಲ್ಲಿ. ಹನ್ನೊಂದು ದಾಟಿ ಯಂತ್ರ ಮತ್ತೆ ತೆವಳತೊಡಗಿದ್ದರಿಂದ ಅದನ್ನು ಕೂಡಿಸಲು ಹೆಣಗುತ್ತಿದ್ದಳು. ಅಪ್ಪನನ್ನು ಕಂಡ ಗಡಿಬಿಡಿಯಲ್ಲಿ ಸೇವ್ ಮಾಡಿರಲಿಲ್ಲ. ಪಕ್ಕದಲ್ಲಿ ರೊಪ್ಪದ ಪಟ್ಟಿ ತೆರೆದೇ ಇತ್ತು.

ಆ ಖಾಲಿ ಕುರ್ಚಿಯಲ್ಲಿ ಸಿದ್ದರಾಮೇಶ ಕೂತ. ನಾನು ಬೆನ್ನ ಹಿಂದೆ ಚಹಾ ಹಿಡಿದು ನಿಂತಿದ್ದೆ.

"ಗಂಗಣ್ಣಾ, ಇಲ್ನೋಡು! ಎಸ್‌ವಿಸಿ ಹೋಸ್ಟ್, ಎಸ್‌ವಿಸಿ ಹೋಸ್ಟ್... ಏಳು ಸಲ ಐತಲ್ಲೋ ಒಂದಾ ಹೆಸರು!"

ಸಿದ್ದರಾಮೇಶ ಹಾಜರಿ ಪುಸ್ತಕದ ಮನುಷ್ಯ. ಇವನ ಯೂನಿಟ್ಟಿನಲ್ಲಿ ಒಬ್ಬನು ಬಾರದ ಗೆಳೆಯನ ಹಾಜರಿಯನ್ನೂ ತಾನೇ ಹಾಕಿ ಸಿಕ್ಕಿಬಿದ್ದಂದಿನಿಂದ, ಒಂದು ಹೆಸರು ಎರಡು ಸಲ ಕಂಡರೆ ಇವನ ಮೀಸೆ ನಿಮಿರುತ್ತದೆ. ಇಲ್ಲಿ ಏಳು ಸಲ!

"ಕಳ್ಳ ಇವನಾ. ಒಂದು ಆಳು, ಏಳು ಹಾಜರಿ," ಎಂದು ನಾನೂ ತುಪ್ಪ ಹೊಯ್ದೆ.

ಅವನು ಒಂದರ ನಂಬರನ್ನು ಖಾಲಿ ಚೌಕದಲ್ಲಿ ಕುಟ್ಟಿ ಎಂಟರ್ ಒತ್ತಿಬಿಟ್ಟ.

ತೆರೆಯ ನಡುವೆ ಒಂದು ಚೌಕ ಎದ್ದಿತು. ಅರವತ್ತು ಸೆಕೆಂಡಿನಲ್ಲಿ ಈ ಕಂಪ್ಯೂಟರ್ ಬಂದ್ ಆಗುತ್ತದೆ, ನಿಮ್ಮ ಕೆಲಸವನ್ನು ಉಳಿಸಿಕೊಳ್ಳಿ. ಐವತ್ತೊಂಬತ್ತು. ಐವತ್ತೆಂಟು.

"ಶಾಂತವ್ವಾ! ಏ ಶಾಂತವ್ವಾ!"

ಬುತ್ತಿ ಅಪ್ಪನ ಕೈಯಲ್ಲೇ ಉಳಿಯಿತು. ಆಕೆ ಎರಡು ಹೊಲಿಗೆ ಯಂತ್ರಗಳ ನಡುವೆ ಹಾರಿ ಬಂದಳು. "ಏಳ್ರಿ ಸಾರ್, ಏಳ್ರಿ!" ಗಾಲಿ ಕುರ್ಚಿ ಓನರನ್ನು ಹೊತ್ತುಕೊಂಡೇ ಗೋಡೆಯವರೆಗೆ ಹೋಯಿತು. ಆಕೆ ನಿಂತೇ ಸೇವ್ ಗುಂಡಿ ಒತ್ತಿದಳು. ಮರಳು ಗಡಿಯಾರದ ಗುರುತು ಬಂದು ತಿರುಗತೊಡಗಿತು. ನಲವತ್ತು. ಮೂವತ್ತೈದು. ತೆವಳುವ ಯಂತ್ರ, ಏಳು ಸೈಜಿನ ನಕ್ಷೆ. ಹೊಲಿಗೆಯವರು ಒಬ್ಬೊಬ್ಬರಾಗಿ ಯಂತ್ರ ನಿಲ್ಲಿಸಿ ಎದ್ದು ಬಂದರು. ಗೋಡೆಯ ಹತ್ತಿರದಿಂದ ಸಿದ್ದರಾಮೇಶ ಜೋರಾಗಿ ಎಣಿಸುತ್ತಿದ್ದ. ಭಯವಾದರೆ ಅವನಿಗೆ ತೆಲುಗು ಬರುತ್ತದೆ. ಪದಿ... ತೊಮ್ಮಿದಿ... ಎನಿಮಿದಿ...

ಏಡು, ಎಂದರೆ ಏಳು, ಅನ್ನುವಷ್ಟರಲ್ಲಿ ಮರಳು ಗಡಿಯಾರ ಹೋಗಿ ಬಾಣ ಬಂತು.

"ಉಳೀತು!" ಎಂದಳು. ತೆರೆ ಕಪ್ಪಾಯಿತು. ಇಪ್ಪತ್ತನಾಲ್ಕು ಜನ ಹೊಲಿಗೆಯವರು ಚಪ್ಪಾಳೆ ತಟ್ಟಿದರು. ಅರ್ಥವಾಗದಿದ್ದರೂ ಓಬಯ್ಯನೂ ಬುತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿ ತಟ್ಟಿದ.

"ಏಳು ಒಂದಾ ಹೆಸರಿದ್ರ ಕಳ್ಳ ಅಂತೀರೇನು ಸಾರ್?" ಶಾಂತಕುಮಾರಿಗೆ ಈಗ ಓನರು, ಸಾರು ಯಾವುದೂ ಕಾಣುತ್ತಿರಲಿಲ್ಲ. "ನಮ್ಮೂರಿಗೆ ಬಂದು ಓಬಯ್ಯಾ ಅಂತ ಕೂಗ್ರಿ. ಏಳು ಮಂದಿ ತಿರುಗಿ ನೋಡ್ತಾರ. ಏಳೂ ಮಂದಿಗೆ ಬ್ಯಾರೆ ಮನಿ, ಬ್ಯಾರೆ ಕೆಲಸ. ಇವೂ ಹಂಗಾ. ಯಂತ್ರದ ಮನಿ ಮಂದಿ ಅವು!"

ಕಂಪ್ಯೂಟರು ತಾನಾಗಿ ಮತ್ತೆ ಎದ್ದಿತು. ಎದ್ದದ್ದೇ ಬೆಳಗಿನ ಚಿಗರೆಯ ಹಾಗೆ ಓಡಿತು. ಸಿದ್ದರಾಮೇಶ ಮೀಸೆ ತಿರುವಿದ. "ನೋಡಿದ್ಯಾ? ಕಳ್ಳ ಹೋದ. ನಾನಾ ಓಡಿಸಿದ್ದು." ಇದೇ ಸಮಯ ಎಂದು ನಾನು, ಅವತ್ತು ಆಗಲೇ ಒಮ್ಮೆ ಪ್ರಿಂಟ್ ತೆಗೆದಿದ್ದ ಪಟ್ಟಿಯಲ್ಲಿ ಜಿಪ್ಪಿನ ಬಣ್ಣವೊಂದು ಬಿಟ್ಟುಹೋಗಿದೆ ಎಂದು ಮತ್ತೆ ತೆರೆದು, ತಿದ್ದಿ, ಇನ್ನೊಂದು ಪ್ರತಿ ತೆಗೆದುಕೊಂಡೆ.

ಹತ್ತು ನಿಮಿಷಕ್ಕೆ ಯಂತ್ರ ಮತ್ತೆ ತೆವಳಿತು.

ಸಿದ್ದರಾಮೇಶನ ಮೀಸೆ ಇಳಿಯಿತು. ಶಾಂತಕುಮಾರಿ ಪಟ್ಟಿ ತೆಗೆದಳು. ಮೂವತ್ತೊಂದು, ಎಲ್ಲ ಪರಿಚಯದವು. ಮೊದಲ ಸಲ ಆಕೆಯ ದನಿ ತಗ್ಗಿದ್ದನ್ನು ಕೇಳಿದೆ.

"ಅಪ್ಪಾ, ಎಲ್ಲಾ ನಮ್ಮವಾ ಅದಾವು. ಆದ್ರೂ ಯಾವುದೋ ಒಂದು ಮೇಯಾಕತ್ತೈತಿ."

ಓಬಯ್ಯ ಕೆರ ಕೈಯಲ್ಲೇ ಹಿಡಿದು ಎರಡು ಹೆಜ್ಜೆ ಹತ್ತಿರ ಬಂದ. ತೆರೆಯನ್ನು ನೋಡಲಿಲ್ಲ. ಮಗಳ ಕಾಲಿನ ಕಡೆ ನೋಡಿದ.

"ರೊಪ್ಪದ ಬಾಗಿಲಾಗ ನಿಂತು ಎಣಿಸ್ತೀಯಲ್ಲವ್ವಾ, ಪರಸ್ಥಳದ ಕುರಿ ಎಲ್ಲಿ ನಿಂತಿರ್ತೈತಿ ಹೇಳು."

"ಹಿಂಡಿನ ನಡುವ."

"ಇಲ್ಲ. ಹಿಂಡು ಅದನ್ನ ಕೂಡಿಸಿಕೊಳ್ಳಂಗಿಲ್ಲ, ಹಾಯ್ತಾವು. ಅದು ಎಣಿಸೋನ ಕಾಲ ಹಿಂದ ಬಂದು, ಕಂಬಳಿ ಕೆಳಗ ನಿಂತಿರ್ತೈತಿ. ನಾವು ಮುಂದಿಂದ ಎಣಿಸ್ತೀವಿ, ನಮ್ಮ ಕಾಲು ನಾವು ನೋಡಿಕೊಳ್ಳಂಗಿಲ್ಲ."

ಶಾಂತಕುಮಾರಿ ಕುರ್ಚಿಯನ್ನು ಎಳೆದುಕೊಂಡ ರಭಸಕ್ಕೆ ಗಾಲಿ ನನ್ನ ಹೆಬ್ಬೆರಳಿನ ಮೇಲೆ ಹಾಯಿತು. ರೊಪ್ಪವನ್ನು ತೆರೆದು, ಶುಕ್ರವಾರ ತಾನೇ ಸೇರಿಸಿದ ಸಾಲನ್ನು ಅಳಿಸಿದಳು. ನನ್ನನ್ನು ಬಿಟ್ಟು ಎಣಿಸು ಎಂಬ ಸಾಲು ಹೋಯಿತು. ಮತ್ತೆ ಓಡಿಸಿದಳು.

ಮೂವತ್ತಮೂರು.

"ಎರಡು! ಡಬ್ಲ್ಯೂಸ್ಕ್ರಿಪ್ಟ್ ಎರಡು ಅದಾವು! ಒಂದು ನಾನು. ಇನ್ನೊಂದು ಯಾರು?" ಮತ್ತೆ ಓಡಿಸಿದಳು. ಒಂದರ ನಂಬರು ಬದಲಾಯಿತು, ಇನ್ನೊಂದರದು ಅಲ್ಲಾಡಲಿಲ್ಲ. "ಬದಲಾಗೋದು ನಾನು. ನಿಂತಿರೋದು ಕಳ್ಳ. ನನ್ನ ಹೆಸರ ಹೊದ್ದುಕೊಂಡು ನನ್ನ ಹಿಂದಾ ನಿಂತಿದ್ಯಾ?"

"ಓಡಿಸು! ನಂಬರ್ ಹಾಕು!" ಎಂದ ಸಿದ್ದರಾಮೇಶ.

"ಓಡಿಸಬ್ಯಾಡ," ಎಂದ ಓಬಯ್ಯ. "ಕಿವಿ ನೋಡು ಮದ್ಲು. ಓಡಿಸಿದ್ರ ನಾಳೆ ಮತ್ತ ಬರ್ತೈತಿ."

ಕುರಿಯವರಲ್ಲಿ ಪ್ರತಿ ಹಿಂಡಿಗೂ ಕಿವಿಯಲ್ಲಿ ಕತ್ತರಿಸಿದ ಗುರುತು ಇರುತ್ತದೆ. ತಪ್ಪಿಸಿಕೊಂಡು ಬಂದ ಕುರಿಯನ್ನು ಅಟ್ಟುವುದಿಲ್ಲ. ಗುರುತು ನೋಡಿ ಒಡೆಯನಿಗೆ ಹೇಳಿ ಕಳಿಸುತ್ತಾರೆ. ಒಡೆಯ ಬಂದು ರೊಪ್ಪದ ಬಾಗಿಲಲ್ಲಿ ನಿಂತು, ಎಲ್ಲರೂ ಕೇಳುವ ಹಾಗೆ ಇದು ನಂದು ಅನ್ನಬೇಕು. ಆಮೇಲೇ ಬಿಡುವುದು.

ಪ್ರೋಗ್ರಾಮಿಗೂ ಅಂಥ ಕಿವಿ ಇದೆಯಂತೆ. ಯಾವ ಅಪ್ಪಣೆಯಿಂದ ಹೊರಟಿತು, ಯಾವ ಜಾಗದಿಂದ ಬಂತು ಎಂದು ತಳವಾರ ಬರೆದಿಟ್ಟಿರುತ್ತಾನೆ, ಕೇಳಿದರೆ ಹೇಳುತ್ತಾನೆ. ಲಕ್ಷ್ಮೀನರಸಪ್ಪ ಬರೆದುಕೊಟ್ಟ ಕಾಗದದ ಅಂಚಿನಲ್ಲಿ ಅದರ ಹೆಸರೂ ಇತ್ತು. ಶಾಂತಕುಮಾರಿ ಅದನ್ನು ಹೆಸರಿನ ಪಕ್ಕಕ್ಕೆ ಸೇರಿಸಿದಳು. ಎಲ್ಲರೂ ತೆರೆಗೆ ಮೂಗು ಹಚ್ಚಿ ನಿಂತೆವು. ಪಟ್ಟಿ ಇಳಿಯಿತು. ಒಂದು ಡಬ್ಲ್ಯೂಸ್ಕ್ರಿಪ್ಟಿನ ಮುಂದೆ ರೊಪ್ಪ ಎಂದಿತ್ತು. ಇನ್ನೊಂದರ ಮುಂದೆ ಎಫ್ ಡ್ರೈವ್ ಎಂದಿತ್ತು, ಅದರ ಮುಂದೆ ಯಾರೂ ಕೇಳಿರದ ಒಂದು ಫೈಲಿನ ಹೆಸರು.

"ಎಫ್ ಅಂದ್ರ ಯಾವುದವ್ವಾ?" ಎಂದ ಸಿದ್ದರಾಮೇಶ. "ನಮ್ಮಲ್ಲಿ ಸಿ ಐತಿ, ಡಿ ಐತಿ, ಸೀಡಿ ಹಾಕೋದು ಇ."

ಶಾಂತಕುಮಾರಿಯ ಕಣ್ಣು ಕಂಪ್ಯೂಟರಿನ ಡಬ್ಬಿಯ ಮುಖಕ್ಕೆ ಇಳಿಯಿತು. ಅಲ್ಲಿ ಕೆಂಪು ದಾರ ಕಟ್ಟಿದ ಒಂದು ಪೆನ್‌ಡ್ರೈವ್ ಸಿಕ್ಕಿಕೊಂಡಿತ್ತು, ಮೂಗಿನಲ್ಲಿ ದೀಪ ಮಿಣುಕಿಸುತ್ತ. ಕೆಂಪು ದಾರ ನನ್ನ ಅಂಗಡಿಯದು, ನಲವತ್ತನೆಯ ನಂಬರು, ಬಣ್ಣ ಬಿಡುವುದಿಲ್ಲ.

ಹನ್ನೊಂದರ ಚಹಾ. ಅದರಲ್ಲಿ ದಿನಾ ತರುತ್ತಿದ್ದ ಹನ್ನೊಂದರ ಪಟ್ಟಿ. ಹನ್ನೊಂದರ ನಂತರ ತೆವಳುವ ಯಂತ್ರ. ನನ್ನ ತಲೆಯಲ್ಲಿ ಒಂದೊಂದೇ ಗುಂಡಿ ಕಾಜಕ್ಕೆ ಬಿತ್ತು.

"ಗಂಗಾಧರಪ್ಪಾರ," ಎಂದಳು, ಬಹಳ ಮರ್ಯಾದೆಯಿಂದ. "ಇದು ಯಾರದು?"

ಮೂವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಅಂಥ ಹೊತ್ತಿನಲ್ಲಿ ಮಾತಿಗೇನು ಬರ? ಮೆಕ್ಯಾನಿಕ್ಕು ಬಿಟ್ಟು ಹೋಗಿರಬೇಕು ಎನ್ನಬಹುದಿತ್ತು. ಈ ದಾರವನ್ನು ಹತ್ತು ಯೂನಿಟ್ಟಿಗೆ ಮಾರಿದ್ದೇನೆ ಎನ್ನಬಹುದಿತ್ತು, ಅದು ಸುಳ್ಳೂ ಅಲ್ಲ. ಬಾಯಿ ತೆರೆದೆ. ಎದುರಿಗೆ ಓಬಯ್ಯ ನಿಂತಿದ್ದ. ಬಾಗಿಲ ಕಡೆ ಸರಿದು ದಾರಿ ಬಿಟ್ಟ, ಕುರಿ ಕರೆದೊಯ್ಯಲು ಬಂದವನಿಗೆ ಬಿಡುವ ಹಾಗೆ. ಪಕ್ಕದಲ್ಲಿ ಸಿದ್ದರಾಮೇಶ, ಅವನ ಜೇಬಿನ ಫೋನಿನಲ್ಲಿ ಬೆಂಗಳೂರಿನವನ ನಂಬರು.

"ನಂದು," ಎಂದೆ.

"ಹೊಲಿಗಿ ಮಂದಿಗೆ ಕೇಳಲಿಲ್ರಿ," ಎಂದಳು ಶಾಂತಕುಮಾರಿ.

"ನಂದವ್ವಾ, ನಂದು! ದಿನಾ ನಾನಾ ತಂದು ಬಿಟ್ಟೀನಿ. ನಿನ್ನ ತಪ್ಪು ಇದರಾಗ ಏನೂ ಇಲ್ಲ!"

ಎದ್ದ ನಗೆಗೆ ತಗಡಿನ ಸೂರು ನಡುಗಿತು. ಸಿದ್ದರಾಮೇಶ ಹೊಟ್ಟೆ ಹಿಡಿದು ನಗುತ್ತಲೇ ಫೋನ್ ತೆಗೆದು, ಬೆಂಗಳೂರಿನವನಿಗೆ ಬರಬೇಡವೆಂದ. ಯಾಕೆ ಎಂದು ಆತ ಕೇಳಿರಬೇಕು. "ಕುರ್ಚಿ ಖಾಲಿ ಇಲ್ಲಪ್ಪಾ," ಎಂದ. ಶಾಂತಕುಮಾರಿ ಅಷ್ಟರಲ್ಲಿ ಕಳ್ಳನ ನಂಬರು ಚೌಕಕ್ಕೆ ಹಾಕಿ ಎಂಟರ್ ಒತ್ತಿದ್ದಳು. ಯಂತ್ರ ಒಮ್ಮೆ ಉಸಿರು ಬಿಟ್ಟು ಓಡತೊಡಗಿತು. ಸಂಜೆ ನಾಲ್ಕಕ್ಕೆ ಏಳು ಸೈಜಿನ ಮಾರ್ಕರು ಕಟಿಂಗ್ ಮೇಜಿನ ಮೇಲಿತ್ತು.

ಮರುವಾರ ಲಕ್ಷ್ಮೀನರಸಪ್ಪ ನನ್ನ ಅಂಗಡಿಗೇ ಬಂದು ಕಂಪ್ಯೂಟರನ್ನು ತೊಳೆದುಕೊಟ್ಟ; ಕಳ್ಳ ಹುಟ್ಟಿದ್ದು ಅಲ್ಲೇ. ಪೆನ್‌ಡ್ರೈವನ್ನು ಶಾಂತಕುಮಾರಿ ಮೂರು ದಿನ ಕೊಡಲಿಲ್ಲ. ಕೊಟ್ಟಾಗ ನೋಡುತ್ತೇನೆ, ಅದರ ಪ್ಲಾಸ್ಟಿಕ್ ಮುಚ್ಚಳದ ಅಂಚಿನಲ್ಲಿ ನೂಲು ಕತ್ತರಿಸುವ ಕತ್ತರಿಯಿಂದ ಒಂದು ಕಚ್ಚು ಹಾಕಿದ್ದಾಳೆ.

"ಏನವ್ವಾ ಇದು?"

"ಗುರುತು ರೀ. ಮತ್ತ ತಪ್ಪಿಸಿಕೊಂಡು ಬಂದ್ರ ಯಾರ ಮನಿಗೆ ಹೇಳಿ ಕಳಿಸಬೇಕು ಅಂತ ಗೊತ್ತಾಗಬೇಕಲ್ಲ?"

ಹೇಳಿ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದಳು. ಈ ಸಲ ಎಲ್ಲರೂ ನೋಡುವ ಹಾಗೆ.